ಚೌಕಟ್ಟು ಮೊದಲಾ, ಮೋಲ್ಡು ಮೊದಲಾ?

ಹೋದ ತಿಂಗಳು ಬೆಂಗಳೂರಿನಲ್ಲಿ ಅಕ್ಕನ ಮನೆ ಗೃಹಪ್ರವೇಶ ಆಯಿತು. ನಾನು ಹೋಗಲಿಲ್ಲ. ಮಗನ ಪರೀಕ್ಷೆ, ನನ್ನಾಕೆಗೆ ಆಸ್ಪತ್ರೆಯಲ್ಲಿ ರಜೆ ಇಲ್ಲ, ವಿಮಾನದ ಟಿಕೆಟ್ ದರ, ಹೀಗೆ ನಾಲ್ಕು ಕಾರಣ ಹೇಳಿದೆ. ಅಕ್ಕ ಒಂದನ್ನೂ ನಂಬಲಿಲ್ಲ. ತಮ್ಮನೇ ಪ್ಲಾನ್ ಹಾಕಿದ ಮನೆಗೆ ತಮ್ಮನೇ ಬರಲಿಲ್ಲ ಅಂದರೆ ಜನ ಏನಂದುಕೊಳ್ಳುತ್ತಾರೆ ಅಂತ ಅವಳಿಗೆ ಮುನಿಸು.

ಬೆಳಿಗ್ಗೆ ಒಂಬತ್ತಕ್ಕೆ ಭಾವ ಮನೆಯವರ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದರು. ಬಾಳೆಕಂದು, ಮಾವಿನ ತೋರಣ, ಒಳಗೆ ಬರಲು ಒಪ್ಪದ ಹಸು, ಅದನ್ನು ಹಿಂದಿನಿಂದ ದಬ್ಬುತ್ತಿರುವ ಚಿಕ್ಕಪ್ಪ. ಕೆಳಗೆ ಒಂದು ಸಾಲು: ‘ಪ್ಲಾನು ನಮ್ಮ ಬಾಮೈದನದು. ಚಂಡೀಗಢದಲ್ಲಿ ಆರ್ಕಿಟೆಕ್ಟ್.’

ಫೋಟೋ ದೊಡ್ಡದು ಮಾಡಿ ನೋಡಿದೆ. ಇನ್ನೊಮ್ಮೆ ನೋಡಿದೆ. ಹಸುವಿನ ಅನುಮಾನ ಸರಿಯಾಗಿಯೇ ಇತ್ತು. ಅದು ನನ್ನ ಪ್ಲಾನಿನ ಮನೆ ಅಲ್ಲ.

ಮೂವತ್ತು ನಲವತ್ತರ ಸೈಟು, ಪಶ್ಚಿಮಕ್ಕೆ ಮುಖ. ಸಂಜೆ ಬಿಸಿಲು ತಡೆಯಲಿ ಅಂತ ಮಹಡಿಯ ಮುಂಭಾಗಕ್ಕೆ ಇಟ್ಟಿಗೆಯ ಜಾಲರಿ ಗೋಡೆ ಕೊಟ್ಟಿದ್ದೆ. ಅಲ್ಲೀಗ ನೀಲಿ ಗಾಜು. ತೆಗೆಯಲೂ ಬಾರದ ಗಾಜು. ಎರಡಡಿ ಮುಂದೆ ಚಾಚಿದ ಸಜ್ಜಾ ಬರೆದಿದ್ದೆ, ಅದನ್ನು ನುಂಗಿಕೊಂಡು ಒಂದು ಬಾಲ್ಕನಿ ರಸ್ತೆ ಮೇಲೆ ಬಂದು ನಿಂತಿದೆ. ಪಕ್ಕದಲ್ಲಿ ಬಿಡಬೇಕಿದ್ದ ಮೂರಡಿ ಜಾಗದಲ್ಲಿ ಈಗ ಒಬ್ಬ ಮನುಷ್ಯ ಅಡ್ಡ ತಿರುಗಿಕೊಂಡು ಹೋಗಬಹುದು, ಹೊಟ್ಟೆ ಇಲ್ಲದಿದ್ದರೆ. ಇದೆಲ್ಲ ಹೋಗಲಿ. ಮನೆ ನಡುವೆ ಏಳಡಿ ಎಂಟಡಿಯ, ಆಕಾಶಕ್ಕೆ ತೆರೆದ ಒಂದು ಸಣ್ಣ ತೊಟ್ಟಿ ಇತ್ತು ನನ್ನ ಪ್ಲಾನಿನಲ್ಲಿ. ಇಡೀ ಮನೆಯ ಗಾಳಿ ಬೆಳಕು ಅದರ ಮೇಲೆ ನಿಂತಿತ್ತು. ಒಳಗಿನ ಫೋಟೋಗಳನ್ನೆಲ್ಲ ಜಾಲಾಡಿದೆ. ತೊಟ್ಟಿ ಇರಬೇಕಾದ ಕಡೆ ಒಂದು ಗೋಡೆ, ಒಂದು ಬಾಗಿಲು, ಬಾಗಿಲ ಮೇಲೆ ಗಣಪತಿ ಸ್ಟಿಕ್ಕರ್.

ಭಾವನಿಗೆ ಫೋನ್ ಮಾಡಿದೆ. ಹಿಂದೆ ಪಾತ್ರೆ ಸದ್ದು, ಯಾರೋ ಪಾಯಸಕ್ಕೆ ಸೌಟು ಕೇಳುತ್ತಿದ್ದರು.

“ಏನಪ್ಪಾ, ಹೆಂಗಿದೆ ನಿನ್ನ ಮನೆ?”

“ಭಾವ, ಆ ತೊಟ್ಟಿ?”

“ಓ ಅದಾ. ಮೋಲ್ಡ್ ಹಾಕೋ ದಿನ ಮೇಸ್ತ್ರಿ ಅಂದ, ಸಾರ್, ಸುಮ್ನೆ ಯಾಕೆ ಅಷ್ಟು ಜಾಗ ತೂತು ಬಿಡ್ತೀರಾ ಅಂತ. ಮುಚ್ಚಿಬಿಟ್ವಿ. ಅದೂ ಅಲ್ದೆ…”

ಅವರು ಇನ್ನೇನೋ ಹೇಳಲು ಹೊರಟಿದ್ದರು. ನಾನೇ “ಆಮೇಲೆ ಮಾಡ್ತೀನಿ ಭಾವ” ಅಂತ ಇಟ್ಟುಬಿಟ್ಟೆ. ತೂತು ಅಂದರಲ್ಲ, ಅದೇ ಚುಚ್ಚಿತು.

ಅದೇ ವಾರ ಇಲ್ಲಿ ಇನ್ನೊಂದು ಮನೆಯ ಕೆಲಸ ಹಿಡಿದಿದ್ದೆ. ಹತ್ತು ಮರ್ಲಾ ಜಾಗ, ನಮ್ಮ ಲೆಕ್ಕದಲ್ಲಿ 2,250 ಚದರಡಿ. ಹಳೆಯ ಮನೆ ಕೆಡವಿ ಹೊಸದು ಕಟ್ಟಬೇಕು. ಮಾಲೀಕರು ನಿವೃತ್ತ ಸರ್ದಾರ್ಜಿ, ಒಂದು ಲೋಟ ಲಸ್ಸಿ ಮುಗಿಸದೆ ಮನೆ ವಿಷಯಕ್ಕೆ ಬರುವವರಲ್ಲ. ಮೊದಲ ದಿನ ನನ್ನ ಅಭ್ಯಾಸದಂತೆ ಕೇಳಿದೆ, ನಿಮಗೆ ಯಾವ ಥರ ಮನೆ ಬೇಕು, ಫೋಟೋ ಗೀಟೋ ಇಟ್ಟುಕೊಂಡಿದ್ದೀರಾ ಅಂತ. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. “ತುಸೀಂ ದಸ್ಸೋ ಜೀ” ಅಂದರು. ನೀವೇ ಹೇಳಿ ಅಂತ. ಆಮೇಲೆ ಮೀಸೆ ಒರೆಸಿಕೊಂಡು, ಮುಂಭಾಗ ಹೇಗೂ ಸರ್ಕಾರದ್ದು, ಒಳಗಿನದು ನಿಮ್ಮದು, ನಮಗೆ ಮಲಗಲು ಮೂರು ಕೋಣೆ ಸಾಕು ಅಂದರು.

ಮುಂಭಾಗ ಸರ್ಕಾರದ್ದು ಅನ್ನುವುದು ತಮಾಷೆಯ ಮಾತಲ್ಲ. ಚಂಡೀಗಢದಲ್ಲಿ 250 ಚದರ ಮೀಟರ್ ಮತ್ತು ಅದಕ್ಕಿಂತ ಚಿಕ್ಕ ಸೈಟುಗಳಿಗೆ ‘ಫ್ರೇಮ್ ಕಂಟ್ರೋಲ್’ ಅಂತ ಒಂದು ಕಟ್ಟಳೆ ಇದೆ. ಬೀದಿಗೆ ಕಾಣುವ ಮುಖಕ್ಕೆ ಒಂದು ಚೌಕಟ್ಟು. ಮನೆ ಯಾವ ಗೆರೆಯಿಂದ ಏಳಬೇಕು, ಎಷ್ಟು ಎತ್ತರ ಹೋಗಬೇಕು, ಯಾವ ಸಾಮಾನು ಬಳಸಬೇಕು, ಎಲ್ಲ ಮೊದಲೇ ಗೊತ್ತು ಮಾಡಿಟ್ಟಿದ್ದಾರೆ. ಬಾಗಿಲು ಕಿಟಕಿಗೆ ಇಂತಿಂಥ ಅಳತೆ. ಗೇಟು, ಕಾಂಪೌಂಡು ಅವರು ಕೊಟ್ಟ ಮಾದರಿಯಲ್ಲೇ. ಬಜಾರಿನ ಬೀದಿಗಳಲ್ಲಿ ಇನ್ನೂ ಬಿಗಿ. ಅಂಗಡಿ ಸಾಲಿನ ಕಂಬ ಎಲ್ಲಿ, ವರಾಂಡ ಎಷ್ಟು ಅಗಲ ಅನ್ನುವುದೂ ಆರ್ಕಿಟೆಕ್ಟಿನ ಕೈಲಿಲ್ಲ.

ಹನ್ನೊಂದು ವರ್ಷದ ಹಿಂದೆ ನನ್ನಾಕೆ ಇಲ್ಲಿನ ವೈದ್ಯಕೀಯ ಸಂಸ್ಥೆ ಪಿಜಿಐಗೆ ಓದಲು ಬಂದಾಗ ಅವಳ ಹಿಂದೆ ಗಂಟು ಕಟ್ಟಿಕೊಂಡು ಬಂದವನು ನಾನು. ಮೊದಲ ಎರಡು ವರ್ಷ ಉಸಿರು ಕಟ್ಟಿದಂತಾಗುತ್ತಿತ್ತು. ಒಂದು ಸಲ ಗೇಟಿನ ಚಿತ್ರ ನಾಲ್ಕಂಗುಲ ಎತ್ತರ ಇದೆ ಅಂತ ಕಚೇರಿಯಿಂದ ವಾಪಸ್ ಬಂತು. ನಾಲ್ಕಂಗುಲ! ಬೆಂಗಳೂರಿನಲ್ಲಿ ನಾಲ್ಕಡಿ ಆಚೀಚೆ ಆದರೂ ಯಾರೂ ಟೇಪು ಹಿಡಿಯದ ಕಡೆಯಿಂದ ಬಂದವನು ನಾನು. ಇದು ಊರಾ, ಜೈಲಾ ಅಂತ ಮನೆಯಲ್ಲಿ ಕೂಗಾಡಿದೆ. ನನ್ನಾಕೆ ಶಾಂತವಾಗಿ, ಹಾಗಾದರೆ ಗೇಟು ಬಿಟ್ಟು ಮನೆ ಡಿಸೈನ್ ಮಾಡಿ ಅಂದಳು.

ಸರಿ, ಮಾಡಿದೆ. ಆಗ ಗೊತ್ತಾಯಿತು. ಚೌಕಟ್ಟಿನ ಒಳಗೆ ಬಂದಮೇಲೆ ನನ್ನ ಪೆನ್ಸಿಲ್ ಹಿಡಿಯುವವರು ಯಾರೂ ಇಲ್ಲ. ಎಲಿವೇಶನ್, ಅಂದರೆ ಮನೆಯ ಮುಖ, ಹೇಗಿರಲಿ ಅನ್ನೋ ಜಗಳವೇ ಇಲ್ಲ, ಅದು ನಾನು ಹುಟ್ಟೋದಕ್ಕೂ ಮುಂಚೆ ತೀರ್ಮಾನ ಆಗಿದೆ. ಬೆಂಗಳೂರಿನಲ್ಲಿ ಎಲಿವೇಶನ್ನಿಗೆ ಹೋಗುತ್ತಿದ್ದ ಎರಡು ತಿಂಗಳು ಇಲ್ಲಿ ಮೆಟ್ಟಿಲಿಗೆ ಸಿಕ್ಕಿತು. ಸರ್ದಾರ್ಜಿ ಮನೆಯ ಮೆಟ್ಟಿಲನ್ನು ಐದು ಸಲ ಬರೆದಿದ್ದೇನೆ. ಮೂರನೇ ಮೆಟ್ಟಿಲು ಅಗಲ ಮಾಡಿದರೆ ಅಲ್ಲೇ ಕೂತು ಬೂಟು ಕಟ್ಟಿಕೊಳ್ಳಬಹುದು. ತಿರುವಿನಲ್ಲಿ ಒಂದು ಕಿಂಡಿ ಬಿಟ್ಟರೆ ಡಿಸೆಂಬರಿನ ಮಂಜು ಹರಿದ ಮೇಲೆ ಬರುವ ಹತ್ತು ಗಂಟೆ ಬಿಸಿಲು ಊಟದ ಮೇಜಿನ ತನಕ ಇಳಿಯುತ್ತದೆ. ಇಂಥವನ್ನು ಯೋಚಿಸಲು ಬೆಂಗಳೂರಿನಲ್ಲಿ ನನಗೆ ಯಾವತ್ತೂ ಪುರುಸೊತ್ತು ಸಿಕ್ಕಿರಲಿಲ್ಲ.

ಅಲ್ಲಿ ನಾನು ಮೂರು ವರ್ಷ ಒಂದು ಆಫೀಸಿನಲ್ಲಿ ದುಡಿದೆ. ಪ್ರತಿ ಮನೆಗೂ ಎರಡು ಪ್ಲಾನು. ಒಂದು ಲೈಸೆನ್ಸಿಗೆ, ಒಂದು ಕಟ್ಟಲಿಕ್ಕೆ. ಲೈಸೆನ್ಸಿನ ಪ್ಲಾನು ನೋಡಿದರೆ ಕಣ್ಣಲ್ಲಿ ನೀರು ಬರಬೇಕು, ಅಷ್ಟು ಚೆಂದ. ಸುತ್ತ ಜಾಗ, ಮುಂದೆ ಗಿಡ, ಮಳೆನೀರು ಇಂಗುಗುಂಡಿ. ಕಟ್ಟುವ ಪ್ಲಾನಿನ ಫೈಲಿಗೆ ‘ಫೈನಲ್’ ಅಂತ ಹೆಸರಿಡುತ್ತಿದ್ದೆ. ಆಮೇಲೆ ‘ಫೈನಲ್ 2’, ‘ಫೈನಲ್ ಹೊಸದು’, ‘ನಿಜವಾದ ಫೈನಲ್’. ಒಂದು ಮನೆಗೆ ಹನ್ನೊಂದರ ತನಕ ಹೋಗಿತ್ತು. ಮೊದಲು ಯಜಮಾನರ ದೊಡ್ಡಪ್ಪ, ಆಮೇಲೆ ವಾಸ್ತು ನೋಡುವವರು, ಆಮೇಲೆ ದುಬೈನಿಂದ ಫೋನಿನಲ್ಲಿ ಮಗ, ಕೊನೆಗೆ ಮೇಸ್ತ್ರಿ. ಈ ನಾಲ್ವರಲ್ಲಿ ಮೇಸ್ತ್ರಿ ಮಾತು ಮಾತ್ರ ಕಟ್ಟಡದಲ್ಲಿ ಉಳಿಯುತ್ತಿತ್ತು. ಯಾಕೆಂದರೆ ಅವನು ಕೊನೆಗೆ ಹೇಳುತ್ತಿದ್ದ, ಕರಣಿ ಅವನ ಕೈಲಿತ್ತು.

ಕಾಯಿದೆಗೂ ಇದರಲ್ಲಿ ಪಾಲಿದೆ. 1972ರ ಆರ್ಕಿಟೆಕ್ಟ್ಸ್ ಕಾಯಿದೆ ನಮಗೆ ಕಾಪಾಡಿ ಕೊಟ್ಟಿರುವುದು ಬರೀ ಹೆಸರನ್ನು. 2020ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಬಿಡಿಸಿ ಹೇಳಿತು: ನೋಂದಣಿ ಇಲ್ಲದವರು ‘ಆರ್ಕಿಟೆಕ್ಟ್’ ಅಂತ ಹೇಳಿಕೊಳ್ಳುವ ಹಾಗಿಲ್ಲ, ಆದರೆ ಆ ಕೆಲಸ ಮಾಡಬೇಡಿ ಅಂತ ಕಾಯಿದೆ ತಡೆಯುವುದಿಲ್ಲ. ಅಂದರೆ ನನ್ನ ಭಾವ, ಅವರ ಮೇಸ್ತ್ರಿ, ಟೈಲ್ಸ್ ಅಂಗಡಿಯ ಹುಡುಗ ಮೂವರೂ ಕಾನೂನು ಪ್ರಕಾರವೇ ಇದ್ದಾರೆ. ಬೋರ್ಡು ಹಾಕಿಕೊಂಡಿಲ್ಲ, ಅಷ್ಟೇ.

ಕೆಡಿಸಿದ್ದನ್ನು ಆಮೇಲೆ ಸರಿಮಾಡುವ ಅಕ್ರಮ ಸಕ್ರಮ ಬೇರೆ. ಎಂಥ ಹೆಸರು ನೋಡಿ, ಪ್ರಾಸ ಹಾಕಿ ಕ್ಷಮಿಸುತ್ತೇವೆ ನಾವು. ವಾಸದ ಮನೆಗೆ ಶೇಕಡ 50ರ ತನಕ ಉಲ್ಲಂಘನೆ ಇದ್ದರೂ ದಂಡ ಕಟ್ಟಿ ಸರಿಮಾಡಿಕೊಳ್ಳಬಹುದು ಅಂತ ನಿಯಮ ಮಾಡಿದರು. 2017ರಲ್ಲಿ ಅದಕ್ಕೆ ಸುಪ್ರೀಂ ಕೋರ್ಟಿನ ತಡೆ ಬಂತು. ಅರ್ಧ ನಿಯಮ ಮುರಿದರೂ ನಡೆಯುತ್ತೆ ಅಂದಮೇಲೆ ಪೂರ್ತಿ ನಿಯಮ ಬರೆಯುವುದಾದರೂ ಯಾಕೆ? 2024ರಲ್ಲಿ ‘ನಂಬಿಕೆ ನಕ್ಷೆ’ ಅಂತ ಬಂತು, ಸಣ್ಣ ಸೈಟುಗಳ ನಕ್ಷೆಯನ್ನು ನೋಂದಾಯಿತ ಆರ್ಕಿಟೆಕ್ಟು, ಎಂಜಿನಿಯರುಗಳೇ ಆನ್‌ಲೈನಿನಲ್ಲಿ ಕೊಡಬಹುದು ಅಂತ. ಒಳ್ಳೆಯ ಯೋಚನೆ, ಹೆಸರೂ ಚೆನ್ನಾಗಿದೆ. ನಕ್ಷೆ ಮೇಲೆ ನಂಬಿಕೆ ಇಡಲು ನನಗೇನೂ ತೊಂದರೆ ಇಲ್ಲ. ಮೋಲ್ಡ್ ಹಾಕೋ ದಿನ ಏನಾಗುತ್ತೆ ಅನ್ನೋದೇ ನನ್ನ ಚಿಂತೆ.

ಹೀಗೆ ಊರನ್ನು ಬೈದುಕೊಂಡು ಒಂದು ವಾರ ಕಳೆದೆ. ರಾಜ್ಯೋತ್ಸವಕ್ಕೆ ಸೇರುವ ಕನ್ನಡದ ಗೆಳೆಯನೊಬ್ಬ ಸಿಕ್ಕ. ಮಂಡ್ಯದವನು, ಸೇನೆಯಲ್ಲಿದ್ದು ಇಲ್ಲೇ ನಿಂತವನು. ನನ್ನ ಪುರಾಣ ಪೂರ್ತಿ ಕೇಳಿ, “ಅಲ್ಲಾ ಸಾರ್, ನಿಮಗೆ ಬೇಡಿ ಹಾಕಿದೋರ ಮೇಲೆ ಪ್ರೀತಿ, ಬಿಟ್ಟೋರ ಮೇಲೆ ಕೋಪ. ಇದ್ಯಾವ ಲೆಕ್ಕ?” ಅಂದ. ನಗು ಬಂತು. ಆದರೆ ಅವನು ಹೇಳಿದ್ದು ಸರಿಯಲ್ಲ. ಬೆಂಗಳೂರಿನಲ್ಲಿ ನನ್ನನ್ನು ಯಾರೂ ಬಿಟ್ಟಿರಲಿಲ್ಲ. ಕಟ್ಟುಪಾಡು ಅಲ್ಲೂ ಇತ್ತು, ಇಲ್ಲಿಗಿಂತ ಜಾಸ್ತಿಯೇ ಇತ್ತು. ಇಲ್ಲಿ ಅದು ಪೆನ್ಸಿಲಿಗೆ ಮೊದಲು ಬರುತ್ತದೆ. ಅಲ್ಲಿ ಕಂಬಿ ಕಟ್ಟಿ, ಸೆಂಟ್ರಿಂಗ್ ಹಾಕಿ, ಜಲ್ಲಿ ಕಲಸುವ ಹೊತ್ತಿಗೆ ಬರುತ್ತದೆ. ಬೇಡಿ ಹಾಕುವುದಾದರೆ ಹೊರಡುವಾಗಲೇ ಹಾಕಿ ಸ್ವಾಮಿ, ಅದಕ್ಕೆ ತಕ್ಕ ಹಾಗೆ ಹೆಜ್ಜೆ ಇಡುತ್ತೇನೆ. ಓಡುತ್ತಿರುವವನ ಕಾಲಿಗೆ ಹಾಕಿದರೆ ಹಲ್ಲು ಮುರಿಯುತ್ತದೆ.

ಈ ಚಾಳಿ ನಮ್ಮಲ್ಲಿ ಹಳೆಯದು. ಚಂಡೀಗಢದ ಕ್ಯಾಪಿಟಲ್ (ವಿಧಾನಸಭೆ, ಸಚಿವಾಲಯ, ಹೈಕೋರ್ಟು ಒಟ್ಟಿಗೆ ಇರುವ ಜಾಗ) ಮತ್ತು ನಮ್ಮ ವಿಧಾನಸೌಧ ಹೆಚ್ಚುಕಡಿಮೆ ಒಂದೇ ಕಾಲದವು. ದೇಶ ಒಡೆದು ಲಾಹೋರ್ ಆಚೆ ಹೋದಮೇಲೆ ಪಂಜಾಬಿಗೆ ಹೊಸ ರಾಜಧಾನಿ ಬೇಕಿತ್ತು. 1951ರಲ್ಲಿ ಆರ್ಕಿಟೆಕ್ಟ್ ಲ ಕಾರ್ಬುಸಿಯೆ ನಗರದ ಪ್ಲಾನು ಹಾಕಲು ಇಲ್ಲಿಗೆ ಬಂದು 800 ಮೀಟರ್‌ಗೆ 1,200 ಮೀಟರಿನ ಸೆಕ್ಟರುಗಳ ಲೆಕ್ಕ ಹಾಕಿ ಕೂತ. ಅದೇ ವರ್ಷ ಜುಲೈನಲ್ಲಿ ನೆಹರೂ ಬೆಂಗಳೂರಿಗೆ ಬಂದು ವಿಧಾನಸೌಧಕ್ಕೆ ಅಡಿಗಲ್ಲು ಹಾಕಿದರು. ಆಗ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ. ಮರುವರ್ಷ ಕೆಂಗಲ್ ಹನುಮಂತಯ್ಯ ಬಂದರು, ಇದ್ದ ಸಾದಾ ಪ್ಲಾನು ಅವರಿಗೆ ಹಿಡಿಸಲಿಲ್ಲ. ನಮ್ಮ ನೆಲದ ಶೈಲಿ ಬೇಕು, ಕಂಬ ಬೇಕು, ಗೋಪುರ ಬೇಕು ಅಂದರು. ಆರ್ಕಿಟೆಕ್ಟ್ ಬಿ.ಆರ್. ಮಾಣಿಕ್ಯಂ ಮತ್ತೆ ಬರೆದರು. ಅಡಿಗಲ್ಲು ಬಿದ್ದ ಮೇಲೆ ಪ್ಲಾನು ಬದಲಾಯಿತು! ಅಂದರೆ ನನ್ನ ಭಾವ ಪರಂಪರೆಯಲ್ಲೇ ಇದ್ದಾರೆ.

ಕಷ್ಟ ಏನೆಂದರೆ ಆ ಕಟ್ಟಡ ಚೆನ್ನಾಗಿದೆ. ಕಾಲೇಜಿನಲ್ಲಿ ನಾವೆಲ್ಲ ಅದನ್ನು ಮದುವೆ ಮನೆ ಅಂತ ಆಡಿಕೊಂಡವರೇ. ಇವತ್ತು ದೂರದಲ್ಲಿ ಕೂತು ಟೀವಿಯಲ್ಲಿ ಆ ಮೆಟ್ಟಿಲು ಕಂಡರೆ ಎದೆಯೊಳಗೆ ಏನೋ ಆಗುತ್ತದೆ. ಕ್ಯಾಪಿಟಲ್ಲಿನ ಬರಿಮೈ ಕಾಂಕ್ರೀಟು ನನ್ನ ವೃತ್ತಿಗೆ ಗುರು ಸಮಾನ, ಆದರೆ ಅದನ್ನು ಕಂಡು ಹಾಗೇನೂ ಆಗುವುದಿಲ್ಲ.

ಕಾರ್ಬುಸಿಯೆಗೆ ಕೇಳಿದ್ದೆಲ್ಲ ಸಿಕ್ಕಿತು ಅಂತಲೂ ತಿಳಿಯಬೇಡಿ. ಕ್ಯಾಪಿಟಲ್ಲಿನ ತಲೆಯಲ್ಲಿ ರಾಜ್ಯಪಾಲರ ಅರಮನೆ ಬರೆದಿದ್ದ. ಪ್ರಜಾಪ್ರಭುತ್ವದಲ್ಲಿ ಇದೇನು ಅಂತ ನೆಹರೂ ಬೇಡ ಅಂದರು, ಅದು ಏಳಲೇ ಇಲ್ಲ. ಅವನು ಆಸೆಪಟ್ಟ ‘ತೆರೆದ ಕೈ’ ಸ್ಮಾರಕ ನಿಂತದ್ದು 1985ರಲ್ಲಿ, ಅವನು ಸತ್ತು ಇಪ್ಪತ್ತು ವರ್ಷ ಆದಮೇಲೆ. ದುಡ್ಡಿಗೂ ಬಿಗಿ ಇತ್ತು. ಇಲ್ಲಿನ ಮಣ್ಣಿನ ಇಟ್ಟಿಗೆ ಅಗ್ಗ, ಹಾಗಾಗಿ ಅವನ ದಾಯಾದಿ ಪಿಯರೆ ಜಾನರೆ, ಇಂಗ್ಲೆಂಡಿನಿಂದ ಬಂದ ಜೇನ್ ಡ್ರೂ, ಮ್ಯಾಕ್ಸ್‌ವೆಲ್ ಫ್ರೈ ಸರ್ಕಾರಿ ನೌಕರರ ಮನೆಗಳನ್ನು ಇಟ್ಟಿಗೆಯಲ್ಲೇ ಕಟ್ಟಿದರು. ಮಂತ್ರಿಯಿಂದ ಜವಾನನ ತನಕ ದರ್ಜೆವಾರು ಮನೆ. ಜವಾನರ ಸಾಲಿನ ಮುಂದೆ ಮಧ್ಯಾಹ್ನ ಹೋಗಿ ನಿಂತರೆ ಇಟ್ಟಿಗೆ ಜಾಲರಿಯ ನೆರಳು ಗೋಡೆ ಮೇಲೆ ಕಸೂತಿ ಹಾಕಿದ ಹಾಗಿರುತ್ತದೆ. ಕಡಿಮೆ ದುಡ್ಡು, ಒಂದೇ ಸಾಮಾನು, ಸುಡುವ ಬಿಸಿಲು. ಮೂರೂ ಮೊದಲೇ ಗೊತ್ತಿದ್ದವು. ಅಕ್ಕನ ಮನೆಗೆ ನಾನು ಬರೆದ ಜಾಲರಿ ಅಲ್ಲಿಂದ ಕದ್ದದ್ದು.

ಬರೆಯುತ್ತಾ ನೆನಪಾಯಿತು. ತಿಪಟೂರಿನ ಹತ್ತಿರ ನಮ್ಮ ತಾತ ಕಟ್ಟಿಸಿದ ಮನೆಗೂ ಚೌಕಟ್ಟು ಇತ್ತು. ಅದಕ್ಕೆ ಆಯ ಅನ್ನುತ್ತಿದ್ದರು. ಉದ್ದ ಅಗಲ ಗುಣಿಸಿ, ಎಂಟರಿಂದ ಭಾಗಿಸಿ ಉಳಿದದ್ದು ಏನು ಅಂತ ನೋಡುವ ಲೆಕ್ಕ. ಧ್ವಜ, ಸಿಂಹ, ವೃಷಭ, ಗಜ ಬಂದರೆ ಸರಿ. ಕಾಕ ಬಂದರೆ ಒಂದೆರಡು ಅಂಗುಲ ಹಿಂದೆ ಮುಂದೆ ಮಾಡಬೇಕು. ನಾನು ಓದುವಾಗ ಇದನ್ನು ಗೇಲಿ ಮಾಡಿದ್ದಕ್ಕೆ ಲೆಕ್ಕ ಇಲ್ಲ. ಆದರೆ ಅಪ್ಪ ಹೇಳುತ್ತಿದ್ದರು, ಪಾಯ ತೆಗೆಯುವ ಮುಂಚೆ ಆಯದವರು ಬಂದು ಗೂಟ ಹೊಡೆಸಿ ದಕ್ಷಿಣೆ ಇಸಕೊಂಡು ಹೋದರೆ, ಮತ್ತೆ ಬರುತ್ತಿದ್ದದ್ದು ಗೃಹಪ್ರವೇಶದ ಊಟಕ್ಕೇ ಅಂತೆ. ಮಧ್ಯೆ ಬಂದು ಬಚ್ಚಲು ಒಡೆಸಿ ಅನ್ನುತ್ತಿರಲಿಲ್ಲ. ಬಾಗಿಲ ಚೌಕಟ್ಟಿನ ಮೇಲಿನ ಗಿಣಿ, ಕಂಬದ ಬೋದಿಗೆ, ಜಗಲಿ ಎಷ್ಟು ಎತ್ತರ, ಎಲ್ಲ ಬಡಗಿ ಮತ್ತು ಮೇಸ್ತ್ರಿಯ ಇಷ್ಟ. ಆ ಜಗಲಿ ಕೂತವನ ಮಂಡಿಗೆ ಅಳೆದು ಮಾಡಿದ ಹಾಗಿದೆ. ಈಗಿನ ವಾಸ್ತು ನೋಡುವವರು ಪ್ಲಾನು ಮುಗಿದ ಮೇಲೆ ಫೋಟೋದಲ್ಲಿ ನೋಡಿ, ವಾಯ್ಸ್ ಮೆಸೇಜಿನಲ್ಲಿ ಅಡುಗೆ ಮನೆಯನ್ನು ಆಗ್ನೇಯಕ್ಕೆ ತಳ್ಳುತ್ತಾರೆ.

ಇಷ್ಟು ಬರೆದವನು ಚಂಡೀಗಢವನ್ನೇ ಸ್ವರ್ಗ ಮಾಡಿಬಿಟ್ಟೆನೇನೋ. ಅಲ್ಲ. ಇಲ್ಲಿನ ಜನಕ್ಕೂ ಕೈ ತುರಿಸುತ್ತದೆ. ಗಡಿ ದಾಟಿ ಮೊಹಾಲಿ ಕಡೆ ಹೋದರೆ ಸಾಕು, ರೋಮನ್ ಕಂಬ, ಬಂಗಾರದ ಬಣ್ಣದ ಸಿಂಹ, ಎಲ್ಲ ಶುರು. ಜಲಂಧರ್ ಸುತ್ತಿನ ಹಳ್ಳಿಗಳಲ್ಲಿ ಕೆನಡಾಗೆ ಹೋದವರು ತಾರಸಿ ಮೇಲೆ ನೀರಿನ ಟ್ಯಾಂಕನ್ನು ವಿಮಾನದ ಆಕಾರದಲ್ಲಿ ಕಟ್ಟಿಸುತ್ತಾರೆ. ಫುಟ್‌ಬಾಲ್, ಹದ್ದು, ಟ್ರ್ಯಾಕ್ಟರ್ ಕೂಡ ಇವೆ. ಮೊದಲ ಸಲ ನೋಡಿದಾಗ ಕಾರು ನಿಲ್ಲಿಸಿ ನಕ್ಕೆ. ಎರಡನೇ ಸಲ, ನನ್ನ ಇಡೀ ವೃತ್ತಿಯಲ್ಲಿ ಯಾರೂ ನನ್ನ ಕಟ್ಟಡ ನೋಡಲು ಕಾರು ನಿಲ್ಲಿಸಿಲ್ಲವಲ್ಲ ಅನ್ನಿಸಿತು.

ನಗರದ ಒಳಗೂ ಕಥೆ ಇದೆ. ಇಲ್ಲಿನ ಹೌಸಿಂಗ್ ಬೋರ್ಡಿನ ಫ್ಲಾಟುಗಳಲ್ಲಿರುವವರು ಮಕ್ಕಳು ದೊಡ್ಡವರಾದ ಹಾಗೆ ಒಂದು ಕೋಣೆ, ಒಂದು ಬಾಲ್ಕನಿ ಸೇರಿಸಿಕೊಂಡಿದ್ದಾರೆ. ಅದು ಉಲ್ಲಂಘನೆ ಅಂತ ನೋಟಿಸು, ಅವಶ್ಯಕತೆಗೆ ಮಾಡಿಕೊಂಡ ಬದಲಾವಣೆ ಒಪ್ಪಿ ಅಂತ ಅವರ ಹೋರಾಟ. ಎಷ್ಟೋ ವರ್ಷದಿಂದ ನಡೆದೇ ಇದೆ. ನಾಲ್ಕಂಗುಲದ ಗೇಟಿಗೆ ನಾನು ಕೂಗಾಡಿದವನು, ಅವರದು ಮಲಗುವ ಜಾಗದ ಪ್ರಶ್ನೆ.

ಇನ್ನು ರಾಕ್ ಗಾರ್ಡನ್. ಊರಿಂದ ಯಾರೇ ಬರಲಿ, ನಾನು ಮೊದಲು ಕ್ಯಾಪಿಟಲ್ಲಿಗೆ ಕರೆದೊಯ್ಯುತ್ತೇನೆ. ಸುಮ್ಮನೆ ತಲೆಯಾಡಿಸುತ್ತಾರೆ. ಹತ್ತಿರದಲ್ಲೇ ಇರುವ ರಾಕ್ ಗಾರ್ಡನ್ನಿಗೆ ಹೋದರೆ ಕಣ್ಣರಳುತ್ತದೆ. ಅದನ್ನು ಮಾಡಿದ ನೇಕ್ ಚಂದ್ ಆರ್ಕಿಟೆಕ್ಟ್ ಅಲ್ಲ, ಪಿಡಬ್ಲ್ಯುಡಿಯ ರಸ್ತೆ ಇನ್‌ಸ್ಪೆಕ್ಟರ್. ಈ ನಗರ ಕಟ್ಟಲು ಕೆಡವಿದ ಹಳ್ಳಿಗಳಿಂದ ಒಡೆದ ಬಳೆ, ಪಿಂಗಾಣಿ ಚೂರು, ಕಲ್ಲು ಆಯ್ದು ಸೈಕಲ್ ಮೇಲೆ ಹೊತ್ತು ತಂದು, ಸರ್ಕಾರಿ ಕಾಡಿನಲ್ಲಿ, ಕೆಲಸದ ಹೊತ್ತು ಮುಗಿದ ಮೇಲೆ, ಯಾರಿಗೂ ಹೇಳದೆ ಕಟ್ಟಿದ್ದು. ವರ್ಷಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದಾಗ ಕಾನೂನು ಪ್ರಕಾರ ಕೆಡವಬೇಕಿತ್ತು. ಕೆಡವಲಿಲ್ಲ. 1976ರಲ್ಲಿ ಜನರಿಗೆ ತೆರೆದರು, ಅವರಿಗೇ ಸಂಬಳ ಕೊಟ್ಟು 50 ಆಳುಗಳನ್ನೂ ಕೊಟ್ಟರು. ಗೇಟಿನ ಎತ್ತರಕ್ಕೆ ಟೇಪು ಹಿಡಿಯುವ ಊರು ತನ್ನ ಅತಿ ದೊಡ್ಡ ಅಕ್ರಮವನ್ನು ಸಕ್ರಮ ಮಾಡಿ, ಟಿಕೆಟ್ ಇಟ್ಟು ತೋರಿಸುತ್ತಿದೆ. ಇದನ್ನು ನಾನು ಮಂಡ್ಯದ ಗೆಳೆಯನಿಗೆ ಹೇಳಿಲ್ಲ.

ಮೊನ್ನೆ ಭಾನುವಾರ ಅಕ್ಕನೇ ಫೋನ್ ಮಾಡಿದಳು. ಮುನಿಸು ಇನ್ನೂ ಇತ್ತು, ದನಿಯಲ್ಲೇ ಗೊತ್ತಾಗುತ್ತಿತ್ತು.

“ನಿಮ್ಮ ಭಾವ ಬೇಜಾರು ಮಾಡ್ಕೊಂಡಿದಾರೆ. ಮಾತು ಮುಗಿಸೋಕೂ ಬಿಡ್ಲಿಲ್ವಂತೆ ನೀನು.”

“ತೊಟ್ಟಿ ಮುಚ್ಚಿದ್ದು ಯಾಕಕ್ಕಾ?”

“ಅಮ್ಮನಿಗೆ ಕಣೋ. ಮಲಗೋಕೆ.”

ಅಮ್ಮ ತಿಪಟೂರಿನ ಮನೆ ಬಿಟ್ಟು ಇವರ ಜೊತೆ ಬಂದಿರುವುದು ಗೊತ್ತಿತ್ತು. ಅಮ್ಮನಿಗೆ ನಾನು ಮಹಡಿ ಮೇಲೆ ಕೋಣೆ ಬರೆದಿದ್ದೆ. ಇಡೀ ಮನೆಯಲ್ಲಿ ಅತಿ ಒಳ್ಳೆಯ ಕೋಣೆ. ಪೂರ್ವಕ್ಕೆ ಕಿಟಕಿ, ಬೆಳಗಿನ ಬಿಸಿಲು ನೇರ ಮಂಚದ ಮೇಲೆ.

“ಮೇಲಿನ ರೂಮು?”

“ಮೇಲೆ ಹತ್ತೋರು ಯಾರು? ಹದಿನೇಳು ಮೆಟ್ಟಿಲು. ನಿನಗೆ ಅಷ್ಟು ದೂರಕ್ಕೆ ಅಮ್ಮನ ಮಂಡಿ ಎಲ್ಲಿ ಕಾಣುತ್ತೆ ಬಿಡು.”

ಸುಮ್ಮನಾದೆ. ಮೆಟ್ಟಿಲು ಹದಿನೇಳೇ. ಬರೆದವನು ನಾನೇ. ಮೂರನೆಯದನ್ನು ಅಗಲ ಮಾಡಬೇಕು ಅಂತ ಅಲ್ಲಿ ಹೊಳೆದಿರಲಿಲ್ಲ. ಅಮ್ಮನ ಮಂಡಿ ಪ್ಲಾನಿಗೆ ಮೊದಲೇ ಬರಬೇಕಿದ್ದ ಅಳತೆ. ಅದನ್ನು ನಾನೇ ಕೇಳಿರಲಿಲ್ಲ, ಮೇಸ್ತ್ರಿ ಮೋಲ್ಡ್ ಹಾಕೋ ದಿನ ಕೇಳಿದ. ಆದರೂ ಆ ನೀಲಿ ಗಾಜನ್ನು ನಾನು ಕ್ಷಮಿಸುವವನಲ್ಲ. ಅದಕ್ಕೂ ಮಂಡಿಗೂ ಏನು ಸಂಬಂಧ?

ಅಕ್ಕ ಫೋನನ್ನು ಅಮ್ಮನ ಕೈಗೆ ಕೊಟ್ಟಳು. ಊಟ ಆಯ್ತಾ, ಚಳಿ ಶುರುವಾಯ್ತಾ, ಮಗು ಕೆಮ್ಮು ಹೇಗಿದೆ ಎಲ್ಲ ಆಯಿತು.

“ಅಮ್ಮಾ, ರೂಮಲ್ಲಿ ಗಾಳಿ ಬರುತ್ತಾ?”

“ಫ್ಯಾನ್ ಹಾಕ್ಕೋತೀನಿ.”

“ಅಲ್ಲಿ ನಾನು ತೊಟ್ಟಿ ಇಟ್ಟಿದ್ದೆ ಅಮ್ಮಾ. ನಮ್ಮೂರ ಮನೇಲಿ ಇತ್ತಲ್ಲ, ಹಾಗೆ. ಮಳೆ ಬಂದ್ರೆ ಒಳಗೇ ಕೂತು ನೋಡ್ಬೋದು ಅಂತ.”

ಅಮ್ಮ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ನಾನು, ಪಾಪ, ಊರ ಮನೆ ನೆನಪಾಗಿರಬೇಕು ಅಂದುಕೊಂಡೆ.

“ನೋಡ್ತಿದ್ದೋರು ನೀನು, ನಿಮ್ಮಪ್ಪ,” ಅಂದಳು. “ನಲವತ್ತು ವರ್ಷ ಆ ತೊಟ್ಟಿ ನೀರು ಗುಡಿಸಿದ್ದೀನಿ ಕಣೋ ನಾನು. ಮಳೆಗಾಲದಲ್ಲಿ ಬಚ್ಚಲಿಗೆ ಹೋಗ್ಬೇಕಂದ್ರೂ ಜಾರಿ ಬೀಳ್ತೀನೇನೋ ಅಂತ ಜೀವ ಕೈಲಿ ಹಿಡ್ಕೊಂಡು ಹೋಗ್ಬೇಕಿತ್ತು. ಅದನ್ನ ಇಲ್ಲೂ ತಂದಿಟ್ಟಿದ್ಯಾ?”

ಆಮೇಲೆ, ಇರು, ಧಾರಾವಾಹಿ ಶುರುವಾಯ್ತು ಅಂತ ಟೀವಿ ಸೌಂಡು ಜಾಸ್ತಿ ಮಾಡಿದಳು.